ಗುಂಡನ ತಾಯಿ

"ಚುಕ್ಕಿ ಗುಂಡನ ತಾಯಿ ಅಲ್ಲ ಅಮ್ಮ," ಎಂದಳು ಕುರಿ ತಳಿಯ ಪರೀಕ್ಷೆ ಮಾಡುತ್ತಿದ್ದ ಗೌತಮಿ.

ಕೆಂಪಾಜಮ್ಮ ಹುರುಳಿ ಹೊಟ್ಟಿನ ಮಂಕರಿಯನ್ನು ಕೆಳಗಿಟ್ಟಳು. ಅವಳ ಕುರಿಗಳ ಮಟ್ಟಿಗೆ ಅವಳು ಹೇಳಿದ್ದೇ ವಂಶಾವಳಿ. ಬನ್ನೂರಿನ ಸುತ್ತಮುತ್ತ ಯಾರೂ ಇದುವರೆಗೆ ಅದನ್ನು ಅಲ್ಲ ಎಂದಿರಲಿಲ್ಲ.

"ಯಾವೋನ್ ಏಳ್ದೋನು?"

"ರಕ್ತ."

ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಗಂಡ ಚಾಮಯ್ಯ ನಕ್ಕ. "ಮೂವತ್ ವರ್ಸದಿಂದ ನಾನ್ ಏಳಿದ್ದನ್ನೇ ಕೇಳ್ನಿಲ್ಲ. ರಕ್ತ ಏಳಿದ್ರೆ ಕೇಳ್ತಾಳಾ?"

ದೀಪಾವಳಿಯ ಹೊತ್ತಿಗೆ ಗೌತಮಿ ಬಂದು, ಹಾಲು ಕುಡಿಸಿದ ಕುರಿಗಳು, ಅವುಗಳ ಮರಿಗಳು, ಟಗರುಗಳು, ಎಲ್ಲದರ ಕುತ್ತಿಗೆಯಿಂದ ಒಂದೊಂದು ಸಣ್ಣ ಕೊಳವೆ ರಕ್ತ ತೆಗೆದಿದ್ದಳು. ಯಾವ ಮರಿಯ ತಾಯಿ ಯಾವುದು ಎಂದು ಕೆಂಪಾಜಮ್ಮನನ್ನೇ ಕೇಳಿ ಬರೆದುಕೊಂಡಿದ್ದಳು. ಬಂಡೂರು ಕುರಿಯಲ್ಲಿ ಯಾವ ಗುರುತು ಯಾವುದರ ಜೊತೆಗೂಡಿ ಮರಿಗೆ ಇಳಿಯುತ್ತದೆಂದು ನಕ್ಷೆ ಮಾಡುವುದು ಅವಳ ಕೆಲಸ. ಹುಟ್ಟು ಖಚಿತವಾದ ಟಗರಿಗೆ ಮಾತ್ರ ತಳಿ ಪಟ್ಟಿಯಲ್ಲಿ ಜಾಗ. ಪಟ್ಟಿಗೆ ಸೇರದಿದ್ದರೆ ಗುಂಡನನ್ನು ಯುಗಾದಿ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ಕೊಡುತ್ತೇನೆಂದು ಚಾಮಯ್ಯ ಮಾಂಸದಂಗಡಿಯವನಿಗೆ ಮಾತು ಕೊಟ್ಟಾಗಿತ್ತು.

ಗೌತಮಿ ಚಾಮಯ್ಯನ ಪಕ್ಕದಲ್ಲಿದ್ದ ತುಂಡು ಹಗ್ಗ ಎತ್ತಿಕೊಂಡು ಗಂಟು ಹಾಕತೊಡಗಿದಳು. "ಒಂದೇ ಥರದ ಗಂಟು ಹೀಗೆ ಸಾಲಾಗಿ ಇರುತ್ತೆ ಅಂದ್ಕೊಳ್ಳಿ. ಒಂದು ಕುರೀಲಿ ಹದಿನೈದು, ಇನ್ನೊಂದರಲ್ಲಿ ಹದಿನೆಂಟು. ಮರಿಗೆ ಎರಡು ಹಗ್ಗ, ಒಂದು ಅಮ್ಮಂದು, ಒಂದು ಅಪ್ಪಂದು. ಗುಂಡನಲ್ಲಿ ಅಪ್ಪಂದು ಸಿಕ್ತು. ಚುಕ್ಕೀದು ಸಿಗಲಿಲ್ಲ."

"ಈ ಗಂಟು ಮೈಯಾಗೆ ಎಲ್ಲವೆ ಅಂತ ನಿಂಗೆಂಗ್ ಗೊತ್ತು?" ಎಂದಳು ಕೆಂಪಾಜಮ್ಮ.

"ಮೊದಲು ಹಸುವಲ್ಲಿ ಹುಡುಕಿದ್ದು. ಆಮೇಲೆ ನೋಡಿದ್ರೆ ಕುರೀಲೂ ಎಷ್ಟೋ ಗಂಟು ಅದೇ ಜಾಗದಲ್ಲಿವೆ."

ಕೆಂಪಾಜಮ್ಮ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. "ಅಸಿನ ಜಾಡ್ ಇಡ್ಕಂಡು ಕುರಿ ಉಡುಕ್ತೀಯಾ? ಅಂಗಾದ್ರೆ ತೆಪ್ಪು ನಿನ್ ಅಸಿಂದೇ ಕಣ್ ಮಗ."

"ನಾನೂ ಮೊದಲು ಹಾಗೇ ಅಂದ್ಕೊಂಡೆ. ಒಂದೆರಡು ಕಡೆ ಕೈಕೊಡುತ್ತೆ. ಆದ್ರೆ ನೋಡಿದ ಹನ್ನೆರಡು ಜಾಗದಲ್ಲಿ ಏಳು ಕೂಡ್ತಿಲ್ಲ. ಮತ್ತೊಂದು ಸಲ ನೋಡಿದೆ. ಅಷ್ಟೇ ಬಂತು."

"ಚುಕ್ಕಿ ಮೊಲೇಲೇ ಬೆಳ್ದಿದ್ದು ಅದು. ನಾನೇ ಇಡ್ಕಂಡು ಕುಡಿಸ್ದೆ..."

"ನೀವ್ಯಾಕೆ ಹಿಡ್ಕೊಂಡ್ರಿ? ತಾನಾಗಿ ಕುಡಿಸ್ಲಿಲ್ವಾ?"

ಚಾಮಯ್ಯನ ಕೈಯಲ್ಲಿ ಹಗ್ಗ ನಿಂತಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚುಕ್ಕಿ ಮರಿ ಉಟ್ಟೇಟ್ಗೇ ಸತ್ತೋಯ್ತು," ಎಂದಳು ಕೆಂಪಾಜಮ್ಮ ನಿಧಾನವಾಗಿ. "ಅವತ್ತೇ ಇನ್ನೊಂದ್ ಕುರಿ ಮೋಟುಕಿವಿ ಈಯ್ತು, ಕೆಚ್ಚಲಲ್ಲಿ ಒಂದ್ ತೊಟ್ಟು ಆಲಿಲ್ಲ. ಸತ್ತ ಮರಿ ಚರ್ಮ ಸುಲ್ದು ಮೋಟುಕಿವಿ ಮರೀಗೆ, ಈ ಗುಂಡಂಗೆ, ಒದ್ದಿಸ್ದೆ. ಚುಕ್ಕಿ ಮೂಸ್ತು, ಮೂಸ್ತು, ಆಮೇಲೆ ಮೊಲೆಗೆ ಬುಟ್ಕಂತು. ಮೂರ್ ದಿನಕ್ಕೆ ಚರ್ಮ ಬಿಚ್ಚಾಕ್ದೆ."

"ಅದನ್ನ ಅವತ್ತೇ ಹೇಳ್ಬಾರ್ದಾ ಅಮ್ಮ?"

"ಚರ್ಮ ಬಿಚ್ಚಿದ್ ಮ್ಯಾಕೆ ಮರಿ ಅದ್ರುದೇ ಕಣವ್ವ. ನಮ್ ಕಡೆ ಆ ಮಾತ್ನ ಯಾರೂ ತಿರ್ಗಾ ಎತ್ತಾಕಿಲ್ಲ."

"ಮೋಟುಕಿವಿ ಈಗ..."

"ಬಾಯಾಗ್ಳ ಅಲ್ಲ್ ಉದ್ರೋಗದೆ, ಕೊಟ್ಬುಡಣ ಅಂತಿದ್ದೆ," ಎಂದ ಚಾಮಯ್ಯ. "ಇವ್ಳು ಬುಡ್ನಿಲ್ಲ."

ಕೊಟ್ಟಿಗೆಯ ಮೂಲೆಯಲ್ಲಿ ಮುದಿ ಕುರಿ ಮಲಗಿತ್ತು. ಕೆಂಪಾಜಮ್ಮ ಅದರ ತಲೆಯನ್ನು ತೊಡೆಗೆ ಒತ್ತಿ ಹಿಡಿದಳು. ಗೌತಮಿ ಸೂಜಿ ಚುಚ್ಚಿ ಒಂದು ಕೊಳವೆ ರಕ್ತ ತೆಗೆದಳು.

ಯುಗಾದಿಗೆ ನಾಲ್ಕು ದಿನವಿದ್ದಾಗ ಫೋನು ಬಂತು. "ಮೋಟುಕಿವಿ ಜೊತೆ ಹನ್ನೆರಡೂ ಕೂಡ್ತು ಅಮ್ಮ! ಗುಂಡ ಪಟ್ಟೀಲಿದಾನೆ."

ಚಾಮಯ್ಯ ಚಪ್ಪಲಿ ಮೆಟ್ಟಿಕೊಂಡು ಮಾಂಸದಂಗಡಿಯ ಕಡೆ ಹೊರಟ. ಕೆಂಪಾಜಮ್ಮ ಫೋನು ಇಡಲಿಲ್ಲ.

"ಚುಕ್ಕಿ ಎಸ್ರು ಒಡ್ದಾಕ್ಬುಟ್ಯಾ ಮಗ?"

"ಇಲ್ಲಮ್ಮ. ಸಾಕಿದ ತಾಯಿಗೆ ಕಾಗದದಲ್ಲಿ ಜಾಗ ಇರಲಿಲ್ಲ. ಪಕ್ಕದಲ್ಲಿ ನಾನೇ ಒಂದು ಗೆರೆ ಎಳೆದು ಬರೆದಿದೀನಿ."

ಸಂಜೆ ಕುರಿಗಳು ನಾಲೆಯ ಏರಿಯಿಂದ ಇಳಿದು ಬಂದವು. ಕೆಂಪಾಜಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದಳು. ಗುಂಡ ಮೋಟುಕಿವಿಯನ್ನು ಸವರಿಕೊಂಡೇ ಮುಂದೆ ಹೋಗಿ, ಅಷ್ಟು ದೊಡ್ಡ ತಲೆಯನ್ನು ತಗ್ಗಿಸಿ ಚುಕ್ಕಿಯ ಹೊಟ್ಟೆಯ ಕೆಳಗೆ ತೂರಿಸಿದ. ಚುಕ್ಕಿ ಒಂದು ಹೆಜ್ಜೆ ಸರಿದು, ತಿರುಗಿ, ಅವನ ಬೆನ್ನನ್ನು ಮೂಸಿತು.