ಡಾಕ್ಟರು ಮಾರಿದ ದೊಡ್ಡಮನೆ

ಲಿಮೋಜ್ ಪೇಟೆಯ ರೈಲು ನಿಲ್ದಾಣದ ಎದುರಿಗೆ ಅರ್ಧ ಆಯುಷ್ಯ ಊಟದ ಹೋಟೆಲು ನಡೆಸಿದ ಬ್ಲಾಂದಿನ್‌ಗೆ ಇದ್ದ ಆಸೆ ದೊಡ್ಡದೇನಲ್ಲ. ತಾನೇ ಬೆಳೆದ ತರಕಾರಿಯನ್ನು ತನ್ನದೇ ಮರದ ನೆರಳಲ್ಲಿ, ಯಾರ ಅವಸರವೂ ಇಲ್ಲದೆ ಕೂತು ತಿನ್ನಬೇಕು. ಅದಕ್ಕೆ ಒಂದು ಪುಟ್ಟ ಮನೆ, ಒಂದು ಹಿತ್ತಿಲು ಧಾರಾಳವಾಗಿ ಸಾಕಿತ್ತು. ಆದರೆ ಗಂಡ ರೆಜಿಸ್‌ಗೆ ಪುಟ್ಟದು ಎಂಬ ಮಾತೇ ಆಗಿಬರುತ್ತಿರಲಿಲ್ಲ. ಹೋಟೆಲನ್ನೂ, ಬ್ಲಾಂದಿನ್‌ಗೆ ಸೋದರತ್ತೆಯಿಂದ ಬಂದ ದ್ರಾಕ್ಷಿತೋಟವನ್ನೂ ಮಾರಿದ ಮೇಲೆ ಅವನು ಪೆರಿಗೋರ್ ಸೀಮೆಯ ವೆರ್ನೇಲ್ ಹಳ್ಳಿಯಲ್ಲಿದ್ದ ಒಂದು ಷಾಟೋದ, ಅಂದರೆ ಹಳೆಯ ಜಮೀನ್ದಾರಿ ಬಂಗಲೆಯ, ಚಿತ್ರ ತಂದು ತೋರಿಸಿದ. ಎರಡು ಗೋಪುರ, ಕಲ್ಲುಚಪ್ಪಡಿಯ ಮಾಡು, ಲಿಂಡನ್ ಮರಗಳ ಸಾಲು, ಕೆರೆ, ಕೆರೆಯಾಚೆಗೆ ಓಕ್ ಮರದ ಕಾಡು. ಹಳ್ಳಿಯವರು ಅದನ್ನು ದೊಡ್ಡಮನೆ ಎಂದಷ್ಟೇ ಕರೆಯುತ್ತಿದ್ದರು.

"ರಿಪೇರಿ ಎಲ್ಲಾ ಮುಗಿದಿದೆ ಕಣೇ. ನಾವು ಹೋಗಿ ಕಾಲು ಚಾಚಿ ಕೂತ್ಕೊಳ್ಳೋದಷ್ಟೇ," ಎಂದ ರೆಜಿಸ್.

ಗೋಡೆಗೊರಗಿಸಿ ಬೆಳೆಸಿದ ಪೇರ್ ಮರಗಳನ್ನು ಕಂಡು ಬ್ಲಾಂದಿನ್‌ಳೂ ಸೋತಳು. ಸರಿ ಎಂದಳು. ಆಮೇಲೆ ಆ 'ಸರಿ'ಯನ್ನು ನೆನೆದು ಎಷ್ಟು ಸಲ ಹಲ್ಲು ಕಡಿದಳೋ.

ಮನೆ ಮಾರಿದವರು ಡಾಕ್ಟರ್ ಕುರ್ತಾದ್, ಬೋರ್ದೋ ನಗರದ ಹಲ್ಲಿನ ವೈದ್ಯರು. ಮಾಡಿನೊಳಗೆ ಮರ ಬೆಳೆದು ನಿಂತಿದ್ದ ಕಾಲದಲ್ಲಿ ಆ ಪಾಳುಮನೆ ಕೊಂಡು, ಹೆಂಡತಿ ಎಡ್ಮೆಯ ಜೊತೆಗೂಡಿ, ರಜೆ ಸಿಕ್ಕಾಗಲೆಲ್ಲ ಬಂದು ಕಲ್ಲಿಗೆ ಕಲ್ಲು ಜೋಡಿಸಿ ಎತ್ತಿ ನಿಲ್ಲಿಸಿದ್ದರು. ಎಡ್ಮೆ ತೀರಿಕೊಂಡ ಮೇಲೆ ಒಬ್ಬರಿಗೇ ಆಗದೆ ಮಾರಾಟಕ್ಕಿಟ್ಟಿದ್ದರು. ಇಟ್ಟರೇನೋ ಸರಿ, ಬಿಟ್ಟುಕೊಡಲು ಮಾತ್ರ ಮನಸ್ಸು ಬರಲಿಲ್ಲ. ನೋಟರಿಯ ಬಳಿ ಸಹಿಗೆ ದಿನ ಗೊತ್ತಾದಾಗಲೆಲ್ಲ ಹೊಸ ತಕರಾರು ಹುಟ್ಟುತ್ತಿತ್ತು. ಒಮ್ಮೆ ಗೋಪುರದ ಕಿಟಕಿಯ ಕದಕ್ಕೆ ಬಣ್ಣ ಹಚ್ಚುವುದು ಬಾಕಿ. ಇನ್ನೊಮ್ಮೆ ಕೊಟ್ಟಿಗೆಯ ತೊಲೆಯ ಮೇಲೆ ಗೂಡು ಕಟ್ಟಿದ ಹಕ್ಕಿಯ ಮರಿಗಳು ಹಾರಬೇಕು.

"ಹಕ್ಕಿಗೂ ನಿಮ್ಮ ಸಹಿಗೂ ಏನ್ ಸಂಬಂಧ ಡಾಕ್ಟ್ರೇ?" ಎಂದು ಬ್ಲಾಂದಿನ್ ಫೋನಿನಲ್ಲಿ ಕೇಳಿದ್ದಳು.

"ಮನೆ ಕೈ ಬದಲಾದ್ರೆ ಗಲಾಟೆ ಆಗುತ್ತೆ ಮೇಡಂ. ತಾಯಿ ಹಕ್ಕಿ ಹೆದರ್ಕೊಳ್ಳುತ್ತೆ."

ಅಂತೂ ಎಲೆ ಉದುರುವ ಕಾಲಕ್ಕೆ ಸಹಿ ಬಿತ್ತು. ಡಾಕ್ಟರು ಹತ್ತಿರದ ಪೆರಿಗ್ಯೂ ಪಟ್ಟಣದಲ್ಲಿ ಒಂದು ಫ್ಲ್ಯಾಟು ಹಿಡಿದರು. ಇನ್ನು ಕಾಟ ತಪ್ಪಿತು ಎಂದುಕೊಂಡಳು ಬ್ಲಾಂದಿನ್.

ಒಂದು ಬೆಳಿಗ್ಗೆ ರಾತ್ರಿಯುಡುಪಿನಲ್ಲೇ ಕಾಫಿಗೆಂದು ಕೆಳಗಿಳಿದು ಬಂದರೆ, ಅಡುಗೆಮನೆಯಲ್ಲಿ ಡಾಕ್ಟರು, ತಮ್ಮಲ್ಲೇ ಉಳಿಸಿಕೊಂಡಿದ್ದ ಹಳೆಯ ಕೀಯಿಂದ ಒಳಬಂದು, ಸ್ಟೂಲಿನ ಮೇಲೆ ನಿಂತು ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಅವಳ ಕೈಯಿಂದ ಲೋಟ ಜಾರಿ ಬಿದ್ದು ಚೂರಾಯಿತು.

"ಹೆದರ್ಬೇಡಿ, ನಾನೇ," ಎಂದರು ಅವರು, ಕೆಳಗಿಳಿಯದೆ. "ಈ ಕೀಲಿಗೆ ತಿಂಗಳಿಗೊಂದ್ಸಲ ಎಣ್ಣೆ ಬೇಕು. ಮತ್ತೆ, ಮೇಜನ್ನ ಕಿಟಕಿ ಹತ್ರ ಯಾಕೆ ಎಳೆದ್ರಿ? ಅದರ ಜಾಗ ಅದಲ್ಲ."

"ನಮ್ಮನೇಲಿ ನಮ್ಮ ಮೇಜು ನಮಗೆ ಬೇಕಾದ ಕಡೆ ಇರುತ್ತೆ ಡಾಕ್ಟ್ರೇ."

"ಇರಲಿ ಇರಲಿ. ಆದ್ರೆ ಬಿಸಿಲಿಗೆ ಹಲಗೆ ಸೀಳುತ್ತೆ, ಆಮೇಲೆ ನನ್ನನ್ನ ಬೈಬೇಡಿ."

ಅವರು ವಾರದಲ್ಲಿ ಎರಡು ಸಲ ಬಂದರು, ಆಮೇಲೆ ದಿನ ಬಿಟ್ಟು ದಿನ ಬಂದರು. ಅವಳು ತೆರೆದ ಕಿಟಕಿ ಮುಚ್ಚಿದರು, ಮುಚ್ಚಿದ್ದನ್ನು ತೆರೆದರು. ಕಡೆಗೆ ಬ್ಲಾಂದಿನ್ ಪೇಟೆಯಿಂದ ಆಳು ಕರೆಸಿ ಬೀಗಗಳನ್ನೆಲ್ಲ ಬದಲಾಯಿಸಿದಳು. ಮರುದಿನವೇ ಒಳಗಿನಿಂದ ಪರಿಚಿತ ಕೆಮ್ಮು ಕೇಳಿಸಿತು. ಅವಳು ನೇರ ಗಂಡನ ಬಳಿಗೆ ಹೋದಳು.

"ಹೊಸ ಕೀ ಅವರ ಕೈಗೆ ಹೇಗ್ ಹೋಯ್ತು?"

ರೆಜಿಸ್ ಪತ್ರಿಕೆಯಿಂದ ತಲೆಯೆತ್ತಲಿಲ್ಲ. "ನಾನೇ ಕೊಟ್ಟೆ. ಪಾಪ, ಚಳೀಲಿ ನಿಂತಿದ್ರು."

"ಪಾಪವಂತೆ ಪಾಪ! ಬೀಗ ಬದಲಾಯ್ಸಿದ್ದು ಯಾರಿಗೋಸ್ಕರ ಅಂದ್ಕೊಂಡೆ? ಕಾಡುಹಂದಿಗಾ?"

"ಅವರು ಹೇಳಿಕೊಡ್ದೆ ಈ ಮನೇಲಿ ಒಂದು ನಲ್ಲಿ ತಿರುಗ್ಸೋಕೂ ನಮಗೆ ಬರಲ್ಲ ಬ್ಲಾಂದಿನ್. ನಿನ್ನೆ ಚಿಮಣಿ ಗುಡಿಸೋದು ಕಲಿಸಿದ್ರು ಗೊತ್ತಾ?"

ಮದುವೆಯಾದಾಗಿನಿಂದ ಒಂದು ತಟ್ಟೆ ತೊಳೆಯಲೂ ಕಲಿಯದವನು ಈಗ ಚಿಮಣಿ ಗುಡಿಸಿ ಮಸಿ ಮೆತ್ತಿದ ಮೂತಿಯಲ್ಲಿ ಬೀಗುತ್ತಿದ್ದ. ನಗಬೇಕೋ ಅಳಬೇಕೋ ತಿಳಿಯದೆ ಬ್ಲಾಂದಿನ್ ಹೊರಗೆ ಹೋಗಿ ಕೆರೆಯ ಸುತ್ತ ಬಿರಬಿರನೆ ನಡೆದಳು. ಇಷ್ಟೊಂದು ನೆಲ, ಇಷ್ಟೊಂದು ಕೋಣೆ, ತನ್ನದು ಎನ್ನಲು ಒಂದು ಮೊಳ ಜಾಗವಿಲ್ಲ.

ಜಗಳ ನಿಜವಾಗಿ ಹತ್ತಿಕೊಂಡದ್ದು ಮನೆಯೆದುರಿನ ಅಂಗಳಕ್ಕೆ. ಅಲ್ಲಿ ಮೊಣಕಾಲೆತ್ತರದ ಸಣ್ಣೆಲೆಯ ಬೇಲಿಗಿಡಗಳನ್ನು ರಂಗೋಲಿಯಂತೆ ಸುತ್ತಿ ಸುತ್ತಿ ಬೆಳೆಸಿದ್ದರು. ಹಿಂದಿನ ಬೇಸಿಗೆಯಲ್ಲಿ ಹಸಿರು ಹುಳು ಬಿದ್ದು ಎಲೆಯೆಲ್ಲ ತಿಂದುಹಾಕಿತ್ತು. ಈಗ ಉಳಿದಿದ್ದದ್ದು ಸವೆದ ಪೊರಕೆಯಂಥ ಬೂದು ಕಡ್ಡಿ. ಇಡೀ ಜಮೀನಿನಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಅದೊಂದೇ. ತರಕಾರಿ ಹಾಕಿದರೆ ಅಲ್ಲೇ ಹಾಕಬೇಕು ಎಂದು ಅವಳು ಮೊದಲ ದಿನವೇ ಗುರುತಿಸಿದ್ದಳು.

"ಚಿಗುರುತ್ತೆ, ಒಂದು ವರ್ಷ ತಾಳಿ," ಎನ್ನುತ್ತಿದ್ದರು ಡಾಕ್ಟರು, ಮಂಡಿಯೂರಿ ಒಣಕಡ್ಡಿಗಳಿಂದ ಒಂದೊಂದೇ ಹುಳು ಹೆಕ್ಕುತ್ತ.

ಏಪ್ರಿಲ್‌ನಲ್ಲಿ ಅವರು ಮಗಳ ಮನೆಗೆ ಹೋಗುತ್ತೇನೆಂದಾಗ ಬ್ಲಾಂದಿನ್ ಗಂಡನಿಗೂ ಹೇಳದೆ ಪಕ್ಕದೂರಿನ ಫಾಬ್ರಿಸ್‌ನ ಜೆಸಿಬಿ ಕರೆಸಿದಳು. ಯಂತ್ರ ಗೇಟು ದಾಟಿ ಬಂದು ನಿಂತಿತಷ್ಟೇ, ಹಿಂದೆಯೇ ಡಾಕ್ಟರ ಹಳೆಯ ಕಾರು ಬಂತು. ಯಂತ್ರ ದೂರದ ರಸ್ತೆಯಲ್ಲಿ ತೆವಳುತ್ತ ಬರುವಾಗಲೇ ರೆಜಿಸ್ ಕಿಟಕಿಯಿಂದ ನೋಡಿ, ಇನ್ನೂ ಊರು ಬಿಡದಿದ್ದ ಅವರಿಗೆ ಫೋನು ಮಾಡಿದ್ದ. ಡಾಕ್ಟರು ಮೆಟ್ಟಿಲ ಬಳಿಯ ಕಬ್ಬಿಣದ ಕುರ್ಚಿ ಎಳೆತಂದು, ಒಣಗಿದ ಗಿಡಗಳ ನಟ್ಟನಡುವೆ ಇಟ್ಟುಕೊಂಡು ಕೂತರು.

"ಏಳಿ ಡಾಕ್ಟ್ರೇ," ಎಂದಳು.

"ಎಡ್ಮೆ ಹಗ್ಗ ಹಿಡಿದಿದ್ಲು, ನಾನು ಗೂಟ ಹೊಡೆದೆ. ಒಂದು ಬೇಸಿಗೆ ಪೂರ್ತಿ ಹಿಡೀತು."

"ನಿಮ್ಮ ದುಃಖ ನನಗೆ ಅರ್ಥವಾಗಲ್ಲ ಅಂದ್ಕೊಂಡ್ರಾ? ಆದ್ರೆ ಇದನ್ನ ನೀವು ಮಾರಿದ್ರಿ. ನಾನು ಕದ್ದಿಲ್ಲ, ಕೊಂಡ್ಕೊಂಡೆ. ಕಟ್ಟಿದ ಹೋಟ್ಲು ಮಾರಿ ಕೊಂಡ್ಕೊಂಡೆ! ಆ ಹೋಟ್ಲಲ್ಲಿ ಈಗ ಯಾರೋ ಮೊಬೈಲ್ ಮಾರ್ತಿದ್ದಾರೆ. ನಾನೇನು ದಿನಾ ಹೋಗಿ ಅವರ ಒಲೆ ಹಚ್ತೀನಾ?"

ಫಾಬ್ರಿಸ್ ಯಂತ್ರ ಆರಿಸಿ ಗಡಿಯಾರ ನೋಡಿದ. "ಅಕ್ಕಾವ್ರೇ, ಊಟದ ಹೊತ್ತಾಯ್ತು. ನೀವಿಬ್ಬರೂ ಮುಗಿಸ್ಕೊಳ್ಳಿ, ಆಮೇಲೆ ಬರ್ತೀನಿ," ಎಂದು ಹೊರಟೇಹೋದ. ಊಟದ ಹೊತ್ತಿನಲ್ಲಿ ಅವನನ್ನು ತಡೆಯಲು ದೇಶದ ಅಧ್ಯಕ್ಷರಿಂದಲೂ ಆಗದು.

ಮುದುಕರನ್ನು ಬಿಸಿಲಲ್ಲಿ ಹಸಿದ ಹೊಟ್ಟೆಯಲ್ಲಿ ಕೂರಿಸುವ ಜಾಯಮಾನ ಹೋಟೆಲಿನವಳದಲ್ಲ. ಬೈದುಕೊಳ್ಳುತ್ತಲೇ ಒಂದು ಬೋಗುಣಿ ಬೆಳ್ಳುಳ್ಳಿ ಸಾರು, ಬ್ರೆಡ್ಡು, ಕೆಂಪು ವೈನು ತಂದು ಅವರ ಮುಂದೆ ಕುಕ್ಕಿದಳು. ಡಾಕ್ಟರು ಉಣ್ಣುತ್ತ ಉಪ್ಪು ಕಡಿಮೆ ಎಂದರು. ತಳದಲ್ಲುಳಿದ ಸಾರಿಗೆ ಆ ಸೀಮೆಯವರ ವಾಡಿಕೆಯಂತೆ ವೈನು ಸುರಿದು, ಬೋಗುಣಿ ಎತ್ತಿ ಕುಡಿದರು. ಬಾಯೊರೆಸಿಕೊಂಡು ಬಹಳ ಹೊತ್ತು ಆ ಬೂದು ಕಡ್ಡಿಗಳನ್ನು ನೋಡಿದರು.

"ಸತ್ತಿದೆ, ಅಲ್ವಾ?"

"ಹೌದು ಡಾಕ್ಟ್ರೇ."

ಫಾಬ್ರಿಸ್ ಮರಳಿ ಬಂದಾಗ ಅವರೇ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಸುಮ್ಮನಿದ್ದರೆ ಅವರು ಕುರ್ತಾದ್ ಹೇಗಾದಾರು? "ಎಡಗಡೆಯಿಂದ ಶುರು ಮಾಡು. ಬಲಗಡೆ ನೀರಿನ ಪೈಪಿದೆ," ಎಂದರು.

ಎಡಗಡೆಯಿಂದಲೇ ಶುರುವಾಯಿತು. ಮೂರನೆಯ ಹೊಡೆತಕ್ಕೆ ಪೈಪು ಒಡೆದು ನೀರು ಆಳೆತ್ತರಕ್ಕೆ ಚಿಮ್ಮಿತು. ರೆಜಿಸ್ ಓಡಿ ಬಂದು ಕೆಸರಲ್ಲಿ ಜಾರಿ ಬಿದ್ದ. ಡಾಕ್ಟರು ತೊಯ್ದು ತೊಪ್ಪೆಯಾಗಿ, "ಪೈಪು ಎಡಗಡೆ ಅಂತ ಎಡ್ಮೆ ಸರಿಯಾಗೇ ಹೇಳಿದ್ಲು... ನಾನೇ ಮರೆತೆ," ಎಂದು ಗೊಣಗುತ್ತ ನೀರು ನಿಲ್ಲಿಸಲು ನೆಲಮಾಳಿಗೆಗೆ ಇಳಿದರು. ಮರಳಿ ಬಂದವರು ಕೋಟಿನ ಜೇಬಿನಿಂದ ಕೀ ತೆಗೆದು, ಯಾರೂ ಕೇಳದೆಯೇ, ಬ್ಲಾಂದಿನ್‌ಳ ಒದ್ದೆ ಅಂಗೈಯಲ್ಲಿಟ್ಟರು. ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಸುಸ್ತಾಗಿತ್ತು, ಅಷ್ಟೇ.

ರೆಜಿಸ್ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದ. ಡಾಕ್ಟರು ಬರಲಿಲ್ಲ, ಭಾನುವಾರ ಫೋನು ಬಂತು.

"ಪೈಪು ಸೋರೋದು ನಿಂತಿದೆಯಾ?"

"ನಿಂತಿದೆ."

"ಟೊಮೇಟೊ ಸಸಿ ಈಗಲೇ ನೆಡ್ಬೇಡಿ ಮೇಡಂ. ಮೇ ತಿಂಗಳ ಮಧ್ಯದವರೆಗೂ ಹಿಮ ಬೀಳುತ್ತೆ, ಆ ಕೆರೆ ಪಕ್ಕ ಅಂತೂ..."

"ನನಗೆ ಗೊತ್ತು ಡಾಕ್ಟ್ರೇ," ಎಂದು ಅವಳು ಫೋನಿಟ್ಟಳು. ಅವಳಿಗೂ ಅದು ಗೊತ್ತಿದ್ದ ವಿಷಯವೇ. ಆದರೂ ಆ ಮನುಷ್ಯ ಹೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ಮರುದಿನವೇ ಬುಟ್ಟಿ ಹಿಡಿದು ಹೋಗಿ ಸಸಿಗಳನ್ನೆಲ್ಲ ನೆಟ್ಟಳು. ಹತ್ತು ದಿನ ಕಳೆಯುವಷ್ಟರಲ್ಲಿ ಹಿಮ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಎಲೆಗಳು ಸುಟ್ಟ ಕಾಗದದಂತೆ ಕಪ್ಪಗೆ ಜೋತುಬಿದ್ದಿದ್ದವು. ಅವಳು ಮೆಟ್ಟಿಲ ಮೇಲೆ ಕೂತು ಆ ಮನೆಗೆ, ಗಂಡನಿಗೆ, ಡಾಕ್ಟರಿಗೆ, ಕಡೆಗೆ ತನಗೂ ಬಾಯಿಗೆ ಬಂದಂತೆ ಬೈದಳು. ಆಮೇಲೆ ಯಾರಿಗೂ ಹೇಳದೆ ಸಂತೆಗೆ ಹೋಗಿ ಹೊಸ ಸಸಿ ತಂದಳು. ರೆಜಿಸ್ ಕಂಡೂ ಕಾಣದವನಂತೆ ಗುದ್ದಲಿ ತಂದುಕೊಟ್ಟ.