ಕುರ್ಚಿಯಣ್ಣನ ಒಳ್ಳೆಯ ವರ್ಷ

"ತಲೆ ಕಡೆ ಎತ್ತಿ, ತಲೆ ಕಡೆ! ಗೋಡೆಗೆ ತಾಗಿಸ್ಬೇಡಿ!" ಎಂದು ಮೈದುನ ಕೆಳಗಿನಿಂದ ಕೂಗಿದ.

ಮಹಡಿಯ ತಿರುವಿನಲ್ಲಿ ಕುರ್ಚಿಯಣ್ಣನ ಶವವಿದ್ದ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತ್ತು. ಮುಂದೆ ಹಿಡಿದವರು ಆಗಲೇ ಮೆಟ್ಟಿಲು ಇಳಿದಿದ್ದರು, ಹಿಂದೆ ಹಿಡಿದವರ ಬೆನ್ನು ಕಿಟಕಿಯ ಸರಳಿಗೆ ಒತ್ತಿಕೊಂಡಿತ್ತು. ಅತ್ತ ಹೋಗುವಂತಿಲ್ಲ, ಇತ್ತ ಬರುವಂತಿಲ್ಲ.

ಕುರ್ಚಿಯಣ್ಣನ ಹೆಂಡತಿ ಮೇಲೆ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಈ ಕಟ್ಟಡದಲ್ಲಿ ಯಾರ ಮನೆಗೆ ಮಂಚ ಬರಲಿ, ಬೀರು ಬರಲಿ, ಈ ತಿರುವಿಗೆ ಬಂದು ನಿಂತುಬಿಡುತ್ತಿತ್ತು. ಆಗೆಲ್ಲ ಜನ ಓಡುತ್ತಿದ್ದುದು ಕೆಳಗಿನ ಸೋಫಾ ರಿಪೇರಿ ಅಂಗಡಿಗೆ. ಕುರ್ಚಿಯಣ್ಣ ಕೈಯೊರೆಸಿಕೊಳ್ಳುತ್ತ ಬಂದು, ಒಂದು ಕಣ್ಣು ಮುಚ್ಚಿ ಅಳತೆ ನೋಡಿ, "ಕಾಲು ಮೇಲೆ, ಬೆನ್ನು ಕೆಳಗೆ, ಈಗ ನಿಧಾನ ತಿರುಗಿಸಿ" ಅನ್ನುತ್ತಿದ್ದ. ಎಂಥ ಬೀರುವೂ ಸಾಧುಪ್ರಾಣಿಯ ಹಾಗೆ ಅವನ ಮಾತು ಕೇಳುತ್ತಿತ್ತು.

"ಮೂರು ಸೀಟಿನ ಸೋಫಾನ ಹೂವಿನ ಹಾಗೆ ಇಳಿಸ್ತಿದ್ದ," ಎಂದರು ಎದುರು ಮನೆಯ ಅಜ್ಜ. "ಈಗ ತಾನೇ ಇಳಿಯಲ್ಲ ಅಂತ ಹಟ ಹಿಡಿದಿದಾನೆ ನೋಡಿ."

ಯಾರೋ ಕಿಸಕ್ಕನೆ ನಕ್ಕು, ಅವಳತ್ತ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ಅವಳಿಗೆ ಸಿಟ್ಟು ಬರಲಿಲ್ಲ. ಆರೋಗ್ಯವಾಗಿದ್ದ ಕಾಲದ ಕುರ್ಚಿಯಣ್ಣ ಇಲ್ಲಿದ್ದಿದ್ದರೆ ಮೊದಲು ನಗುತ್ತಿದ್ದವನು ಅವನೇ.

ಕೊನೆಗೆ ಬೆಲ್ಟು ಬಿಗಿದು, ಹೆಚ್ಚುಕಡಿಮೆ ನಿಲ್ಲಿಸಿಯೇ ತಿರುಗಿಸಬೇಕಾಯಿತು. ಭಾರವೇನೂ ಆಗಲಿಲ್ಲ. "ಏನೂ ಇಲ್ವಲ್ಲೋ ಮೈಯಲ್ಲಿ," ಎಂದು ಒಬ್ಬ ಇನ್ನೊಬ್ಬನಿಗೆ ಪಿಸುಗುಟ್ಟಿದ್ದು ಆ ಇಕ್ಕಟ್ಟಿನಲ್ಲಿ ಎಲ್ಲರಿಗೂ ಕೇಳಿಸಿತು.

*

ಕಾಯಿಲೆ ಯಾವಾಗ ಶುರುವಾಯಿತೆಂದು ಅವಳಿಗೆ ಇಂದಿಗೂ ಖಚಿತವಿಲ್ಲ. ವಟವಟ ಮಾತಾಡುತ್ತಿದ್ದ ಮನುಷ್ಯ ಮಾತು ಕಡಿಮೆ ಮಾಡಿದ. ಹಳೆಯ ಸೋಫಾದ ಬಟ್ಟೆ ಕಿತ್ತು, ಒಳಗಿನ ನಾರು, ಸ್ಪ್ರಿಂಗು ನೋಡುತ್ತ ಕೂತರೆ ಮಧ್ಯಾಹ್ನವಾದರೂ ಸುತ್ತಿಗೆ ಎತ್ತುತ್ತಿರಲಿಲ್ಲ. ಗಿರಾಕಿಗಳಿಗೆ ನಾಳೆ ಬನ್ನಿ ಅಂದ. ಆಮೇಲೆ ಅದನ್ನೂ ಅನ್ನದೆ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಅಂಗಡಿ ತಮ್ಮನ ಪಾಲಿಗೆ ಬಿತ್ತು.

"ಏನಾಗಿದೆ ರೀ? ಎಲ್ಲಿ ನೋವು?" ಎಂದು ಅವಳು ಕೇಳಿ ಕೇಳಿ ಸಾಕಾಗಿದ್ದಳು.

"ನೋವಿದ್ರೆ ಚೆನ್ನಾಗಿತ್ತು ಕಣೇ. ಇಲ್ಲಿ ಅಂತ ತೋರಿಸಬಹುದಿತ್ತು," ಅಂದಿದ್ದ ಒಮ್ಮೆ.

ಒಂದು ಔಷಧಿ ಅವನನ್ನು ಹಗಲಿಡೀ ಮಲಗಿಸಿತು. ಇನ್ನೊಂದು ಔಷಧಿ ಕೈ ನಡುಗಿಸಿ, ಸುತ್ತಿಗೆ ಹೆಬ್ಬೆರಳ ಮೇಲೆ ಬೀಳುವ ಹಾಗೆ ಮಾಡಿತು. ಹೀಗೆ ಎಲ್ಲ ಔಷಧಿಯೂ ಸೋತ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರು, ಹೊಸ ಮಾತ್ರೆಯೊಂದರ ಸಂಶೋಧನೆ ನಡೀತಿದೆ, ಸೇರ್ತೀರಾ ಎಂದು ಕೇಳಿದರು. ಅರ್ಧ ಜನರಿಗೆ ಔಷಧಿ ಇರುವ ಮಾತ್ರೆ, ಉಳಿದರ್ಧಕ್ಕೆ ಬರೀ ಹಿಟ್ಟಿನದು. ಯಾರಿಗೆ ಯಾವುದೆಂದು ಕೊನೆಯವರೆಗೆ ಯಾರಿಗೂ ತಿಳಿಯುವುದಿಲ್ಲ ಎಂದರು. ಅವಳು ತಲೆಯಾಡಿಸಿದಳು. ಹೊಸ ಮಾತ್ರೆ ಎಂಬ ಎರಡು ಪದ ಕಿವಿಗೆ ಬಿದ್ದ ಮೇಲೆ ಉಳಿದದ್ದು ಅವಳಿಗೆ ಕೇಳಿಸಿರಲಿಲ್ಲ.

*

ಚಿತಾಗಾರದ ಹೊರಕೋಣೆಯಲ್ಲಿ ಸರದಿ ಕಾಯಬೇಕಿತ್ತು. ಒಳಗೆ ಬೇರೆ ಯಾರದೋ ನಡೆಯುತ್ತಿತ್ತು. ನೆಲಕ್ಕೆ ಬೋಲ್ಟ್ ಹಾಕಿದ ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ಅವನ ಅಕ್ಕ ಸೆರಗಿನಿಂದ ಮೂಗೊರೆಸುತ್ತ ಕೂತಿದ್ದಳು.

"ಕೆಮ್ಮಿಗೆ ಯಾರಾದ್ರೂ ಸಾಯ್ತಾರಾ?" ಎಂದಳು.

"ಬರೀ ಕೆಮ್ಮಲ್ಲ ಅಕ್ಕಾ. ಊಟ ಬಿಟ್ಟಿದ್ರು. ಎದೆಗೆ ಕಫ ಕಟ್ಟಿತು. ಆಸ್ಪತ್ರೆಗೆ ಹೋಗೋಣ ಅಂದ್ರೆ ಗೋಡೆ ಕಡೆ ತಿರುಗ್ತಿದ್ರು."

"ನೀನು ಸ್ವಲ್ಪ ಗದರಿಸಬೇಕಿತ್ತು. ಚಿಕ್ಕಂದಿನಿಂದ ಗದರಿಸಿದ್ರೇನೆ ಏಳ್ತಿದ್ದವನು."

"ಗದರಿಸಿದ್ರೆ ಏಳೋ ಕಾಯಿಲೆ ಅಲ್ಲಮ್ಮ ಇದು," ಎಂಬ ದನಿ ಹಿಂದಿನಿಂದ ಬಂತು. "ನನ್ನನ್ನೂ ಎಲ್ರೂ ಗದರಿಸಿ ನೋಡಿದ್ರು."

ತಿರುಗಿದರೆ, ದಪ್ಪ ಮೀಸೆಯ ಒಬ್ಬ ವಯಸ್ಸಾದ ಮನುಷ್ಯ. ಬಸ್ ಡ್ರೈವರ್ ಆಗಿದ್ದವರಂತೆ. ಸಂಶೋಧನೆಯ ಜೊತೆಗೇ ನಡೆಯುತ್ತಿದ್ದ ವಾರದ ಗುಂಪಿನಲ್ಲಿ ಕುರ್ಚಿಯಣ್ಣನ ಪಕ್ಕದಲ್ಲೇ ಕೂರುತ್ತಿದ್ದರಂತೆ.

"ಮೊದಲ ದಿನ ನಾವೆಲ್ಲ ಸುತ್ತ ಕೂತಿದೀವಿ, ಒಬ್ಬನೂ ಬಾಯಿ ಬಿಡ್ತಿಲ್ಲ," ಎಂದರು. "ಇವರು ಎದ್ದು ತಮ್ಮ ಕುರ್ಚಿ ತಲೆಕೆಳಗು ಮಾಡಿ ನೋಡಿದ್ರು. 'ತಲೆ ಸರಿಮಾಡ್ತೀವಿ ಅಂತ ಕರೆದು, ಸೊಂಟ ಮುರಿಯೋ ಕುರ್ಚಿ ಮೇಲೆ ಕೂರಿಸಿದಾರಲ್ರೀ' ಅಂದ್ರು. ನಾನು ನಕ್ಕು ಎಷ್ಟೋ ಕಾಲ ಆಗಿತ್ತಮ್ಮ. ಮುಂದಿನ ವಾರ ಫೋಮು, ರೆಕ್ಸಿನು ಎಲ್ಲ ಹೊತ್ತು ತಂದು ಅಷ್ಟೂ ಕುರ್ಚಿಯ ಸೀಟು ಬದಲಾಯಿಸಿದ್ರು."

"ನಮಗೊಂದು ಮಾತೂ ಹೇಳ್ಲಿಲ್ಲ," ಎಂದಳು ಅವನ ಅಕ್ಕ. "ಈಗಲೂ ನಡೆಯುತ್ತಾ ಗುಂಪು?"

"ಎಲ್ಲಿ? ಸಂಶೋಧನೆ ಮುಗೀತು, ಗುಂಪೂ ಮುಗೀತು. ನಾವೇ ಪಾರ್ಕಲ್ಲಿ ಸೇರೋಣ ಅಂದ್ಕೊಂಡ್ವಿ. ಒಂದೆರಡು ಸಲ ಸೇರಿದ್ವಿ. ಕರೆಯೋರು ಒಬ್ಬರು ಬೇಕಲ್ವಾ? ನಮ್ಮಲ್ಲಿ ಯಾರಿಗಿದೆ ಆ ಶಕ್ತಿ?"

ಅವರು ಮೀಸೆ ತೀಡಲು ಕೈಯೆತ್ತಿ, ತೀಡದೆ ಕೈಯಿಳಿಸಿದರು.

*

ಆ ಒಂದು ವರ್ಷ! ಮಾತ್ರೆ ಶುರುವಾಗಿ ಸ್ವಲ್ಪ ದಿನಕ್ಕೆ ಅವನು ಬೆಳಿಗ್ಗೆ ತಾನಾಗಿ ಎದ್ದು ಗಡ್ಡ ಬೋಳಿಸಿಕೊಂಡ. ಸಾರಿಗೆ ಉಪ್ಪು ಕಡಿಮೆ ಎಂದ. ಉಪ್ಪಿನ ಡಬ್ಬಿ ತರಲು ಒಳಗೆ ಹೋದವಳು ಅಲ್ಲೇ ನಿಂತು ಅತ್ತುಬಿಟ್ಟಿದ್ದಳು.

ವಾರವಾರ ಆಸ್ಪತ್ರೆಗೆ ಹೋಗುತ್ತಿದ್ದ. ಅಲ್ಲೊಬ್ಬ ಹುಡುಗಿ ಪ್ರತಿ ಸಲವೂ ಅವೇ ಪ್ರಶ್ನೆ ಕೇಳುತ್ತಿದ್ದಳಂತೆ. ನಿದ್ದೆ ಹೇಗೆ, ಹಸಿವು ಹೇಗೆ, ನಾಳೆ ಬಗ್ಗೆ ಏನನ್ನಿಸುತ್ತೆ. ಅವಳಿಗೆ 'ಪ್ರಶ್ನೆ ಹುಡುಗಿ' ಎಂದು ಹೆಸರಿಟ್ಟಿದ್ದ. "ಪಾಪ, ಬರಕೊಳ್ಳೋದು ಬಿಟ್ಟು ಮುಖ ನೋಡ್ತಾ ಕೂರ್ತಾಳೆ. ಏನಾದ್ರೂ ಒಳ್ಳೇ ಉತ್ತರ ಕೊಡಬೇಕು ಅನ್ಸುತ್ತೆ," ಎನ್ನುತ್ತಿದ್ದ. ಆ ವರ್ಷ ಅಂಗಡಿಯಲ್ಲಿ ಮತ್ತೆ ಸುತ್ತಿಗೆಯ ಸದ್ದು. ತಮ್ಮನಿಗೆ ಬೈಗುಳ. ಗಿರಾಕಿಗಳೊಂದಿಗೆ ಹರಟೆ.

ಆಮೇಲೆ ಸಂಶೋಧನೆ ನಿಂತಿತು. ಮಾತ್ರೆ ಅಂದುಕೊಂಡಷ್ಟು ಕೆಲಸ ಮಾಡಲಿಲ್ಲವಂತೆ, ತಯಾರಿಸುವವರು ಕೈಬಿಟ್ಟರಂತೆ. ಇವಳು ಡಾಕ್ಟರ ಎದುರು ಕೈಮುಗಿದು, "ನಮ್ಮವರಿಗೆ ಕೆಲಸ ಮಾಡಿದೆಯಲ್ಲ ಸಾರ್, ಇವರೊಬ್ಬರಿಗಾದ್ರೂ ಕೊಡಿ" ಎಂದು ಬೇಡಿಕೊಂಡಳು. ಆಗಲ್ಲಮ್ಮ ಎಂದರು.

ಕೆಲವು ತಿಂಗಳ ಬಳಿಕ ಆಸ್ಪತ್ರೆಯಿಂದ ಕರೆ ಬಂತು. ಕುರ್ಚಿಯಣ್ಣ ಒಬ್ಬನೇ ಹೋಗಿಬಂದ. "ಏನಂದ್ರು?" ಎಂದು ಕೇಳಿದರೆ, "ಚೆನ್ನಾಗಿದ್ದೀರಿ ಅಂದ್ರು" ಎಂದ. ಆವತ್ತು ಸಂಜೆಯವರೆಗೆ ಅಂಗಡಿಯಲ್ಲೇ ಇದ್ದ. ಮರುದಿನವೂ ಹೋದ. ಆಮೇಲೆ ನಿಧಾನವಾಗಿ, ನೀರು ಇಂಗಿದ ಹಾಗೆ, ಮತ್ತೆ ಗೋಡೆಯ ಕಡೆ ತಿರುಗಿದ.

*

ಪ್ರಶ್ನೆ ಹುಡುಗಿ ಚಿತಾಗಾರಕ್ಕೆ ಬಂದಾಗ ಅವಳು ಗುರುತು ಹಿಡಿಯಲಿಲ್ಲ. ಹೆಗಲಿಗೆ ಚೀಲ, ಕಣ್ಣ ಕೆಳಗೆ ಕಪ್ಪು. ತಾನಾಗಿ ಹತ್ತಿರ ಬಂದು, "ಡ್ರೈವರ್ ಅಂಕಲ್ ಫೋನ್ ಮಾಡಿದ್ರು," ಎಂದಳು. ಇಬ್ಬರೂ ಗೋಡೆ ಬದಿಯ ಕುರ್ಚಿಗಳಲ್ಲಿ ಕೂತರು.

"ಇನ್ನೂ ಅದೇ ಕೆಲಸಾನಾ ಮಗಳೇ?"

"ಈಗ ಬೇರೆ ಸಂಶೋಧನೆ ಆಂಟಿ. ಹೊಸದು. ಚಿಕ್ಕ ವಯಸ್ಸಿನವರಿಗೆ ಮಾತ್ರ."

"ನಾನು ಯಾರನ್ನೂ ದೂರ್ತಿಲ್ಲ," ಎಂದಳು ಅವಳು. "ಆದ್ರೆ ಆ ಮಾತ್ರೆ ನಡುವೆ ನಿಲ್ಲಿಸದೆ ಕೊಟ್ಟಿದ್ರೆ ಇವರು ಉಳೀತಿದ್ರು. ನಾನು ಕಣ್ಣಾರೆ ನೋಡಿದೀನಿ. ಸತ್ತವನನ್ನ ಎಬ್ಬಿಸಿದ ಹಾಗೆ ಎಬ್ಬಿಸಿತ್ತು. ಯಾಕೆ ನಿಲ್ಲಿಸಿದ್ರಿ?"

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಅಂಕಲ್ ನಿಮಗೆ ಹೇಳ್ಲಿಲ್ವಾ?" ಎಂದಳು.

"ಏನು?"

"ಅವರಿಗೆ ಬಂದಿದ್ದು ಔಷಧಿ ಇಲ್ಲದ ಮಾತ್ರೆ ಆಂಟಿ. ಬರೀ ಹಿಟ್ಟು."

ಒಳಗಿನ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

"ಇಲ್ಲ. ಇವರಿಗೆ ವಾಸಿಯಾಗಿತ್ತು."

"ಆಗಿತ್ತು. ಔಷಧಿ ತಗೊಂಡ ಎಷ್ಟೋ ಜನರಿಗಿಂತ ಚೆನ್ನಾಗಾಗಿದ್ರು. ಹೇಗೆ ಅಂತ ನಮ್ಮ ಡಾಕ್ಟರಿಗೂ ಹೇಳೋಕಾಗ್ಲಿಲ್ಲ. ವಾರವಾರ ಬಂದು ಹೋಗ್ತಿದ್ದರಿಂದ ಇರಬಹುದು. ಗುಂಪಿನಿಂದ ಇರಬಹುದು. ಕರೆದು ಹೇಳಿದ್ದು ನಾನೇ. ನೀವೇ ವಾಸಿ ಮಾಡ್ಕೊಂಡಿದ್ದು ಅಂಕಲ್, ಖುಷಿಪಡಿ ಅಂದೆ. ಖುಷಿಯಾಗುತ್ತೆ ಅಂತಾನೇ ಅಂದ್ಕೊಂಡಿದ್ದೆ."

"ಅದಕ್ಕೆ ಇವರು?"

"ನಕ್ಕರು. 'ಇಷ್ಟು ದಿನ ಸ್ಪ್ರಿಂಗೇ ಇಲ್ಲದ ಸೋಫಾ ಮೇಲೆ ಆರಾಮಾಗಿ ಕೂತಿದ್ದೆ ಅನ್ನು. ಗೊತ್ತಾದ ಮೇಲೆ ಹೇಗಮ್ಮ ಕೂರೋದು?' ಅಂದ್ರು." ಹುಡುಗಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ತಮಾಷೆಗೆ ಅಂದ್ರು ಅಂದ್ಕೊಂಡೆ ಆಂಟಿ. ಅವರು ಯಾವಾಗ್ಲೂ ತಮಾಷೆ ಮಾಡ್ತಿದ್ರಲ್ಲ."

ಅವಳು ಹುಡುಗಿಯ ಕೈ ಹಿಡಿದುಕೊಂಡಳು. ಸಮಾಧಾನ ಹೇಳಲೆಂದು ಹಿಡಿದ ಕೈ. ಗುಂಯ್‌ಗುಡುವ ಸದ್ದು ನಿಂತಿತು. ಸಿಬ್ಬಂದಿಯವನೊಬ್ಬ ಬಾಗಿಲು ತೆರೆದು, "ಮುಂದಿನವರು ಬನ್ನಿ," ಎಂದ. ಮೈದುನ ಬಂದು, "ಅತ್ತಿಗೆ, ಏಳಿ," ಎಂದ. ಅವಳು ಎದ್ದಳು.

*

ಸಂಶೋಧನೆ ನಿಂತಾಗ ಉಳಿದ ಮಾತ್ರೆಗಳನ್ನು ವಾಪಸು ಕೊಡಬೇಕೆಂದಿದ್ದರು. ಅವಳು ಒಂದು ಸೀಸೆ ಕಳೆದುಹೋಯಿತೆಂದು ಸುಳ್ಳು ಹೇಳಿ, ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದಳು. ಕಷ್ಟಕಾಲಕ್ಕೆ ಇರಲಿ ಎಂದು.

ಅವನು ಊಟ ಬಿಟ್ಟ ದಿನಗಳಲ್ಲಿ ಅದನ್ನು ಹೊರತೆಗೆದಳು. ಬೆಳಿಗ್ಗೆ ಹಾಸಿಗೆಯ ಅಂಚಿಗೆ ಕೂತು, ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಅಂಗೈ ಬಿಡಿಸಿ ತೋರಿಸಿದಳು. "ನೋಡಿ, ಏನಿದು ಹೇಳಿ. ಕದ್ದಿಟ್ಟಿದ್ದೆ!"

ಅವನು ಆ ಬಿಳಿ ಮಾತ್ರೆಯನ್ನು ನೋಡಿದ. ಆಮೇಲೆ ಅವಳ ಮುಖವನ್ನು ಬಹಳ ಹೊತ್ತು ನೋಡಿದ.

"ಎಷ್ಟಿವೆ?" ಎಂದ.

"ಬೇಕಾದಷ್ಟಿವೆ. ಇದು ಹೊಟ್ಟೆಗೆ ಹೋದ್ರೆ ನೀವು ಮತ್ತೆ ಮೊದಲಿನ ಹಾಗೆ ಆಗ್ತೀರಿ. ನನಗೆ ಗೊತ್ತು."

"ಆಗ್ತೀನಿ," ಎಂದ.

ಒಂದು ಗುಟುಕು ನೀರು ಕುಡಿಯುವುದಕ್ಕೂ ಮುಖ ತಿರುಗಿಸುತ್ತಿದ್ದವನು, ಅಂದಿನಿಂದ ಪ್ರತಿ ಬೆಳಿಗ್ಗೆಯೂ ಮೊಣಕೈ ಊರಿ ಎದ್ದು ಕೂತ. ಅವಳ ಕೈಯಿಂದ ಮಾತ್ರೆ ತೆಗೆದುಕೊಂಡು ನಾಲಿಗೆಯ ಮೇಲಿಟ್ಟು, ಲೋಟದ ನೀರನ್ನೆಲ್ಲ ಕುಡಿದ. ಆಮೇಲೆ, ನುಂಗಿದ್ದಾನೆಂದು ಅವಳಿಗೆ ನಂಬಿಕೆ ಬರಲೆಂದು, ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿಸಿದ್ದ ಹಾಗೆಯೇ ಬಾಯಿ ಅಗಲಿಸಿ, ನಾಲಿಗೆ ಮೇಲೆತ್ತಿ ತೋರಿಸಿದ. ಅವಳು ಬಗ್ಗಿ ನೋಡಿದಳು. ಏನೂ ಇರಲಿಲ್ಲ.