ಹಸಿ ಅಕ್ಕಿ ತಿನ್ನುವ ಸೊಸೆ

“ಮತ್ತ ಡಬ್ಬಿಗೆ ಕೈ ಹಾಕಿದಿ? ಬಾಯಿ ತೆಗಿ, ನೋಡ್ತೀನಿ. ತೆಗಿ ಅಂದೆ.”

ಪರಿಮಳಾ ಬಾಯಿ ತೆರೆಯಲಿಲ್ಲ. ಅತ್ತೆ ಕರೆಮ್ಮ ಅವಳ ಗದ್ದ ಹಿಡಿದೆತ್ತಿದಳು. ತುಟಿಯಂಚಿಗೆ ಬಿಳಿ ಹಿಟ್ಟು ಅಂಟಿತ್ತು. ಹಸಿ ಅಕ್ಕಿ.

“ನಾ ಉಣ್ಣಾಕ ಹಾಕಂಗಿಲ್ಲೇನು ನಿನಗ? ಹೊಟ್ಟಿಯಾಗಿನ ಕೂಸಿಗೂ ಈಗಿಂದ್ಲೇ ಕಳವು ಕಲಿಸಾಕತ್ತೀಯೇನು?”

“ತಡಿಯಾಕ ಆಗವಲ್ದುರಿ ಅತ್ತಿ,” ಅಂದಳು ಪರಿಮಳಾ. ಅಷ್ಟು ಹೇಳುವುದರೊಳಗೆ ಅವಳಿಗೆ ಏದುಸಿರು ಬಂತು. ಒಂಬತ್ತನೇ ತಿಂಗಳು.

ವನದುರ್ಗದ ಆ ಓಣಿಯಲ್ಲಿ ಹಸಿ ಅಕ್ಕಿ ತಿನ್ನುವ ಬಸುರಿಯೆಂದರೆ ಬಾಯಿಚಪಲದವಳು ಅಂತಲೇ ಮಾತು. ಕರೆಮ್ಮನೂ ಹಾಗೇ ತಿಳಿದಿದ್ದಳು. ಕೆಟ್ಟ ಹೆಂಗಸೇನಲ್ಲ ಆಕೆ. ಸೊಸೆಗೆ ಬಿಸಿ ರೊಟ್ಟಿ ಬಡಿದು ಹಾಕುವಳು, ಉಂಡ ಕೂಡಲೇ ಲೋಟದ ತುಂಬ ಚಹಾ ಕೊಡುವಳು. ಆದರೆ ಆಶಾ ಕಾರ್ಯಕರ್ತೆ ಕಸ್ತೂರಿ ತಂದುಕೊಟ್ಟ ಕೆಂಪು ಗುಳಿಗೆಗಳನ್ನು ತಿಪ್ಪೆಗೆ ಎಸೆದಿದ್ದಳು. ನುಂಗಿದ ಮರುದಿನ ಸೊಸೆಯ ಮಲ ಕಪ್ಪಗಾಗಿತ್ತು. ಗುಳಿಗೆ ಒಳಗಿನ ರಕ್ತ ಸುಡುತ್ತಿದೆ, ಕೂಸೂ ಕಪ್ಪಗಾಗುತ್ತದೆ ಎಂದು ಕರೆಮ್ಮನೇ ತೀರ್ಮಾನ ಮಾಡಿಬಿಟ್ಟಿದ್ದಳು.

ಜಗಳದ ದನಿ ಕೇಳಿ ಕಸ್ತೂರಿ ಒಳಗೆ ಬಂದಳು. ಪರಿಮಳಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಸುಣ್ಣ ಬಳಿದಂತೆ ಬೆಳ್ಳಗಿತ್ತು.

“ದೊಡ್ಡವ್ವ, ಇದು ಕಳವಲ್ಲ, ಜಡ್ಡು. ರಕ್ತದಾಗ ಹಿಮೋಗ್ಲೋಬಿನ್ ಕಡಿಮಿ ಆದ್ರ ಹಿಂಗ ಹಸಿ ಅಕ್ಕಿ, ಮಣ್ಣು, ಬಳಪ ತಿನಬೇಕು ಅನಸ್ತದ. ನಿನ್ನಿ ಬೆರಳು ಚುಚ್ಚಿ ನೋಡ್ಯಾರ. ಬಸುರಿಗೆ ಹನ್ನೊಂದಕ್ಕ ಕಡಿಮಿ ಇರಬಾರ್ದು. ಈಕೀದು ಆರು ಅದ.”

“ಆರರೆ ಅದ ಅಲ್ಲ? ಪೂರಾ ಖಾಲಿ ಆಗಿಲ್ಲಲ್ಲ,” ಕರೆಮ್ಮ ಅಣಕಿಸಿದಳು.

ಹೊಸ್ತಿಲ ಬಳಿ ಕುಳಿತಿದ್ದ ಮಗ ಹಣಮೇಶ ಕೇಳಿದ, “ಹಿಮೋಗ್ಲೋಬಿನ್ ಅಂದ್ರ ಏನಕ್ಕ?”

“ನೀ ಶಹಾಪುರದ ಮಾರ್ಕೆಟ್‌ನ್ಯಾಗ ಏನ್ ಮಾಡ್ತಿ?”

“ಹಮಾಲಿ. ಚೀಲಾ ಹೊರ್ತೀನಿ.”

“ಒಂದಿನ ಹಮಾಲರು ಬರ್ಲಿಲ್ಲಂದ್ರ?”

“ಮಾಲು ಬಿದ್ದಲ್ಲೇ ಬಿದ್ದಿರ್ತದ. ಲಾರಿ ಸುಮ್ನ ನಿಂತಿರ್ತದ.”

“ಹಿಮೋಗ್ಲೋಬಿನ್ನೂ ರಕ್ತದಾಗಿನ ಹಮಾಲನ ನೋಡು. ನಾವು ಎಳಕೊಂಡ ಉಸಿರಿನಾಗಿನ ಆಮ್ಲಜನಕ ಹೊತ್ತು ಮೈತುಂಬ ಮುಟ್ಟಸ್ತದ. ಕೂಸಿಗೂ ಅದ ಮುಟ್ಟಸಬೇಕು. ಆ ಹಮಾಲ ತಯಾರಾಗಾಕ ಕಬ್ಬಿಣದ ಅಂಶ ಬೇಕು, ಅದಕ್ಕ ಗುಳಿಗಿ. ಗುಳಿಗಿಯಿಂದ ಮಲ ಕಪ್ಪಾಗ್ತದ, ಅದಕ್ಕೇನು ಅಂಜಬ್ಯಾಡ್ರಿ. ಕೂಸು ಕಪ್ಪಾಗಂಗಿಲ್ಲ. ಉಂಡ ಕೂಡ್ಲೆ ಚಹಾ ಕುಡಿದ್ರ ಕಬ್ಬಿಣ ಮೈಗೆ ಹತ್ತಂಗಿಲ್ಲ, ನಿಂಬಿ ನೀರಾಗ ನುಂಗಬೇಕು. ಆದ್ರ ಈಗ ಗುಳಿಗಿಗೂ ಹೊತ್ತು ಮೀರೇದ. ಇವತ್ತೇ ಶಹಾಪುರದ ದವಾಖಾನಿಗೆ ನಡೀರಿ, ರಕ್ತ ಏರಸಬೇಕಾಗ್ತದ. ಹೆರಿಗ್ಯಾಗ ಸ್ವಲ್ಪ ರಕ್ತ ಹೋದ್ರೂ ಈಕಿ ತಾಳಂಗಿಲ್ಲ.”

ಹಣಮೇಶನಿಗೆ ಮಾತು ನಾಟಿತು. ಎದ್ದು ಗೂಟದಲ್ಲಿದ್ದ ಟವೆಲ್ ತೆಗೆದುಕೊಂಡ. “ಯವ್ವ, ಹೋಗಿ ಬರ್ತೀವಿ.”

“ಸೋಮವಾರ ಕುಬಸ ಅದ,” ಕರೆಮ್ಮ ಅಡ್ಡ ನಿಂತಳು. “ಬೀಗರು ಹಸಿರು ಸೀರಿ ತರಾಕತ್ಯಾರ. ಇನ್ನಾ ಉಡಿ ತುಂಬಿಲ್ಲ, ಯಾರದರೆ ರಕ್ತ ಮೈಯಾಗ ಹಾಕ್ಸಗೊಂಡು ಬರ್ತಾಳೇನು? ಮಂಗಳವಾರ ಕರಕೊಂಡು ಹೋಗು. ನಾ ಏನು ಬ್ಯಾಡ ಅಂತೀನೇನು?”

ಕಸ್ತೂರಿ ಬೇಡಿದಳು, ಬೈದಳು. ಹಣಮೇಶ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಟವೆಲ್ಲನ್ನು ಮತ್ತೆ ಗೂಟಕ್ಕೆ ಹಾಕಿದ.

ಸೋಮವಾರ ಕುಬಸವಾಯಿತು, ಸೀಮಂತದ ಶಾಸ್ತ್ರ. ಹಸಿರು ಬಳೆ, ಹಸಿರು ಸೀರೆ, ಮುಡಿ ತುಂಬ ಹೂವು. ಬಂದ ಹೆಂಗಸರು, “ಎಷ್ಟು ಬೆಳ್ಳಗಾಗ್ಯಾಳ ನೋಡ್ರಿ, ಬಸುರಿ ಕಳಿ,” ಅಂದರು. ಕರೆಮ್ಮ ಹಿಗ್ಗಿದಳು. ರಕ್ತವಿಲ್ಲದ ಬಿಳುಪನ್ನು ಚೆಲುವು ಅಂದುಕೊಂಡ ಆ ಹಿಗ್ಗು ಊಟದ ಪಂಕ್ತಿ ಏಳುವ ತನಕವೂ ಉಳಿಯಲಿಲ್ಲ. ಪರಿಮಳಾಗೆ ನೋವು ಶುರುವಾಯಿತು. ಹಣಮೇಶ ಆಟೋ ತಂದ.

ಗಂಡನ ಭುಜ ಹಿಡಿದು ಹೊಸ್ತಿಲು ದಾಟುವಾಗ ಪರಿಮಳಾ ಹಿಂದೆ ತಿರುಗಿದಳು.

“ಅತ್ತಿ, ಡಬ್ಬಿ ಮುಚ್ಚೇನ್ರಿ. ಇವತ್ತ ಮುಟ್ಟಿಲ್ಲ.”

ಆಮೇಲೆ ಅವಳು ಆ ಹೊಸ್ತಿಲು ತುಳಿಯಲಿಲ್ಲ. ಕೂಸು ಉಳಿಯಿತು. ಹೆರಿಗೆಯಲ್ಲಿ ಹೋದದ್ದು ಬೇರೊಬ್ಬ ಹೆಂಗಸು ತಾಳಿಕೊಳ್ಳುವಷ್ಟೇ ರಕ್ತ. ಪರಿಮಳಾಗೆ ಅಷ್ಟೂ ಹೆಚ್ಚಾಯಿತು. ರಕ್ತದ ಚೀಲ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಈಗ ಕರೆಮ್ಮ ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ಓಣಿಯ ಬಸುರಿಯರ ಮನೆಗೆ ಹೋಗುತ್ತಾಳೆ. “ಗುಳಿಗಿ ನುಂಗಿದೇನು?” ಎಂದು ಕೇಳಿ, ನುಂಗುವ ತನಕ ಅಲ್ಲೇ ನಿಲ್ಲುತ್ತಾಳೆ. ಅವಳ ಮನೆಯ ಅಕ್ಕಿ ಡಬ್ಬಿಗೆ ಈಗ ಯಾರೂ ಕೈ ಹಾಕುವುದಿಲ್ಲ.

ಇದನ್ನು ಓದುತ್ತಿರುವ ಅತ್ತೆಯರೇ, ಗಂಡಂದಿರೇ, ನೇರವಾಗಿಯೇ ಹೇಳುತ್ತೇನೆ. ನಿಮ್ಮ ಮನೆಯ ಹೆಣ್ಣುಮಗಳು ಹಸಿ ಅಕ್ಕಿ, ಮಣ್ಣು ತಿನ್ನುತ್ತಿದ್ದರೆ, ನಾಲ್ಕು ಹೆಜ್ಜೆಗೇ ಏದುತ್ತಿದ್ದರೆ, ಬೈಯುವ ಬಾಯಿ ಮುಚ್ಚಿ ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ದವಾಖಾನೆಯಲ್ಲಿ ಕೊಡುವ ಗುಳಿಗೆಯನ್ನು ತಿಪ್ಪೆಗೆ ಎಸೆಯಬೇಡಿ. ಪುಂಡಿಪಲ್ಲೆ, ನುಗ್ಗೆಸೊಪ್ಪು, ಸಜ್ಜೆರೊಟ್ಟಿ ಹೊಟ್ಟೆ ತುಂಬ ಉಣ್ಣಲು ಕೊಡಿ. ಕುಬಸವನ್ನು ಬೇರೊಂದು ದಿನ ಮಾಡಬಹುದು.

ಇವತ್ತೇ ಹೋಗಿ. ಮಂಗಳವಾರ ಅನ್ನಬೇಡಿ.